ಗುಡ್ಡ ಹತ್ತದೆ ಬರೆದ ಯೋಜನೆ

ಹೋದ ತಿಂಗಳು ಒಂದು ಮುಂಜಾನೆ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆ ವಾಕಿಂಗ್ ಹೊರಟಿದ್ದೆ. ವಾಕಿಂಗ್ ಎಂಬುದು ದೊಡ್ಡ ಮಾತು. ನನ್ನದು ಒಂದು ಚಹಾದಂಗಡಿಯಿಂದ ಇನ್ನೊಂದು ಚಹಾದಂಗಡಿಯವರೆಗಿನ ಪ್ರಯಾಣ; ನಡುವೆ ಕಾಲು ಆಡುತ್ತವೆ, ಅಷ್ಟೆ. ಪವರ್‌ಲೂಮುಗಳ ಖಟಖಟ ಆಗಲೇ ಶುರುವಾಗಿತ್ತು. ಟವೆಲು ನೇಯುವ ಕಾರಖಾನೆಯೊಂದರ ಮುಂದೆ ಕರಡ ಹೇರಿದ ಟೆಂಪೊ ನಿಂತಿತ್ತು. ಕರಡ ಎಂದರೆ ನಮ್ಮ ಕಡೆ ಗುಡ್ಡದ ಒಣಹುಲ್ಲು. ಈ ಹಂಗಾಮಿನ ಮೊದಲ ಕೊಯ್ಲಿರಬೇಕು, ಇನ್ನೂ ಪೂರ್ತಿ ಒಣಗಿರಲಿಲ್ಲ. ಬಿಸಿಲಿಗೆ ಅದರಿಂದೊಂದು ವಾಸನೆ ಏಳುತ್ತಿತ್ತು: ಸ್ವಲ್ಪ ಸಿಹಿ, ಸ್ವಲ್ಪ ಮಣ್ಣು, ಸ್ವಲ್ಪ ಕುರಿ. ನಾನು ಅಲ್ಲೇ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತೆನೋ, ಡ್ರೈವರನಿಗೆ ಸಂಶಯ ಬಂತು.

"ಏನ್ರಿ ಕಾಕಾ, ಕರಡ ಬೇಕೇನ್ರಿ?"

"ಬ್ಯಾಡಪಾ. ಎಲ್ಲಿದದು?"

"ನಾಗಣಸೂರ ಕಡೀದ್ರಿ. ಅಲ್ಲೊಂದ ಗುಡ್ಡ ಅದ. ವರ್ಷಾ ಅಲ್ಲಿಂದೇ ತರ್ತೀನಿ."

ಆ ಗುಡ್ಡ ನನಗೆ ಗೊತ್ತು ಎಂದು ಹೇಳಬೇಕೆನಿಸಿತು. ಆದರೆ ಚಹಾ ಮುಗಿಸಿದ್ದ ಡ್ರೈವರನಿಗೆ ಒಬ್ಬ ನಿವೃತ್ತ ಗ್ರಾಮಸೇವಕನ ಪುರಾಣ ಕೇಳುವ ಪುರುಸೊತ್ತು ಎಲ್ಲಿ? ಟೆಂಪೊ ಹೋಯಿತು. ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ. ನಿಮಗೂ ಪುರುಸೊತ್ತಿಲ್ಲದಿದ್ದರೆ ಪುಟ ತಿರುವಬಹುದು, ನನಗೆ ಬೇಸರವಿಲ್ಲ.

ಆ ಗುಡ್ಡದ ಬುಡದ ಊರಿನಲ್ಲಿ ನಾನು ಒಂಬತ್ತು ವರ್ಷ ಗ್ರಾಮಸೇವಕ, ಅಂದರೆ ಪಂಚಾಯತಿ ಕಾರ್ಯದರ್ಶಿ, ಆಗಿದ್ದೆ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಗ್ರಾಮಸೇವಕನನ್ನು ಭಾವುಸಾಹೇಬ ಎನ್ನುತ್ತಾರೆ. 'ಸಾಹೇಬ' ಎಂಬುದು ಸೇರಿಕೊಂಡ ತಕ್ಷಣ ಮನುಷ್ಯನಿಗೆ ಬೆನ್ನು ನೆಟ್ಟಗಾಗುತ್ತದೆ. ನನ್ನದೂ ಆಗಿತ್ತು. ಹುಟ್ಟಿದ್ದು ಸೊಲ್ಲಾಪುರದಲ್ಲಿ, ಮನೆಮಾತು ಕನ್ನಡ, ಕಲಿತದ್ದೆಲ್ಲ ಮರಾಠಿ ಸಾಲೆಯಲ್ಲಿ. ಕನ್ನಡ ಮಾತಾಡುತ್ತಿದ್ದೆ, ಜಗಳವಾಡುತ್ತಿದ್ದೆ, ಕನಸೂ ಕಾಣುತ್ತಿದ್ದೆ. ಓದಲು ಮಾತ್ರ ಬರುತ್ತಿರಲಿಲ್ಲ. ನನ್ನ ಹೆಂಡತಿ ಶಾಂತಾ ಅಕ್ಕಲಕೋಟ ತಾಲೂಕಿನ ಹಳ್ಳಿಯವಳು, ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ತವರಿನಿಂದ ಅವಳಿಗೆ ಬಂದ ಕಾಗದಗಳನ್ನು ನಾನು ಎಂದೂ ಕದ್ದು ಓದಲಿಲ್ಲ. ಅದು ಸಭ್ಯತೆಯೆಂದು ಅವಳು ಬಹಳ ದಿನ ತಿಳಿದುಕೊಂಡಿದ್ದಳು.

ಒಂದು ವರ್ಷ ಮೇಲಿನಿಂದ ಆದೇಶ ಬಂತು. ಪ್ರತಿ ಊರೂ ತನ್ನ ನೀರು, ನೆಲ, ಗಿಡಮರಗಳಿಗೆ ಒಂದು ಯೋಜನೆ ಮಾಡಬೇಕು. ಶಾಶ್ವತ ವಿಕಾಸ ಆಗಬೇಕು. ನಮ್ಮೂರ ತಲೆಯ ಮೇಲೆ ಒಂದು ಬೋಳು ಗುಡ್ಡವಿತ್ತು. ಸರಕಾರಿ ಗಾಯರಾಣ, ಅಂದರೆ ಊರ ದನ ಕುರಿ ಮೇಯುವ ಜಾಗ. ಪಂಚಾಯತಿ ಕಿಟಕಿಯಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಕಂಡದ್ದು ಸಾಕೆಂದು ನಾನು ಮೂರು ದಿನ ಕೂತು ಯೋಜನೆ ಬರೆದೆ. ಗುಡ್ಡದ ತುಂಬ ಟ್ರೆಂಚು, ಟ್ರೆಂಚಿನ ದಂಡೆಗೆಲ್ಲ ಸಸಿ, ಸುತ್ತಲೂ ತಂತಿ ಬೇಲಿ, ಒಳಗೆ ಪೂರ್ತಿ ಚರಾಯಿಬಂದಿ, ಅಂದರೆ ದನ ಕುರಿ ಮೇಯಿಸುವಂತಿಲ್ಲ. ಶುದ್ಧ ಮರಾಠಿ, ಪುಟಪುಟಕ್ಕೂ ಅಂಚು, ತಲೆಬರಹಕ್ಕೆ ಕೆಂಪು ಶಾಯಿ. ನಕಾಶೆಯಲ್ಲಿ ಸ್ಕೇಲು ಇಟ್ಟು ಎಳೆದ ಆ ಟ್ರೆಂಚುಗಳ ಗೆರೆ ನೋಡಿದರೆ ಗುಡ್ಡವೇ ನಾಚಿಕೊಂಡು ನೆಟ್ಟಗಾಗಬೇಕು, ಅಷ್ಟು ನೀಟು. ಮೇಲಿನ ಸಾಹೇಬರು ಅಕ್ಷರ ಹೊಗಳಿದರು. ನಾನು ಆ ದಿನ ಮನೆಗೆ ಜಿಲೇಬಿ ಒಯ್ದೆ.

ಗ್ರಾಮಸಭೆಯಲ್ಲಿ ಅದನ್ನು ಓದಿದೆ. ಊರು ಕನ್ನಡದ್ದು, ಕಾಗದ ಮರಾಠಿಯದು. ಸಂತೆಯ ಮರಾಠಿ ಎಲ್ಲರಿಗೂ ಬರುತ್ತದೆ. ಸರಕಾರಿ ಮರಾಠಿ ಮರಾಠಿಯವರಿಗೂ ಅರ್ಥವಾಗುವುದು ಅಷ್ಟಕ್ಕಷ್ಟೆ. ನಾನು ಓದಿದೆ, ಅವರು ಗೋಣು ಹಾಕಿದರು. ಸರಪಂಚ ಶಿವಶರಣಪ್ಪ ಪಾಟೀಲರು "ಮಂಜೂರ ಏನ್ರಪಾ?" ಎಂದರು. "ಮಂಜೂರ" ಎಂದರು. ಚಹಾ ಬಂತು.

ಸಭೆ ಮುಗಿದು ಜನ ಎದ್ದ ಮೇಲೆ, ಚಾವಡಿಯ ಕಟ್ಟೆಯ ಕೆಳಗೆ ನಿಂತಿದ್ದ ಒಬ್ಬ ಹೆಂಗಸು ಮುಂದೆ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ, ಹಣೆಯ ಮೇಲೆ ಬೀರೋಬ ದೇವರ ಭಂಡಾರ, ಅಂದರೆ ಅರಿಶಿನ. ಹೆಸರು ಮಾಳವ್ವ, ಊರಿಗೆಲ್ಲ ಮಾಳಾಯಿ. ಕುರಿ ಸಾಕಿ ಬದುಕುವ ಏಳು ಮನೆಗಳಿದ್ದವು ಆ ಊರಲ್ಲಿ. ಅವರಲ್ಲಿ ಹೆಚ್ಚು ಮಾತಿನವಳು ಇವಳು.

"ಭಾವುಸಾಹೇಬ್ರ, ಈಗೇನ ಓದಿದ್ರಲ್ಲ, ಏನದು?"

"ಗುಡ್ಡದ ಮ್ಯಾಲ ಗಿಡಾ ಬರ್ತಾವ ಆಯಿ."

"ಚಲೋ ಆತು. ನಮ್ಮ ಕುರಿ?"

"ಚರಾಯಿಬಂದಿ ಅದ."

"ಬಂದಿ ಅಂದ್ರ? ಎಷ್ಟ ದಿನಾ?"

"ಗಿಡಾ ದೊಡ್ಡವಾಗೂ ತನಕ. ಐದಾರ ವರ್ಷ."

ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಉತ್ತರ ಕೊಡುವುದು ಸುಲಭವಿತ್ತು. ಅವಳು ಕೇಳಿದ್ದು ಒಂದೇ: "ನೀವು ಗುಡ್ಡ ಹತ್ತೀರೇನ್ರಿ?"

ನಾನು ಪಂಚಾಯತಿಯ ಕಿಟಕಿಯ ಕಡೆ ನೋಡಿದೆ.

"ನಾಳಿ ಮುಂಜಾನೆ ಬರ್ರಿ," ಎಂದು ಹೊರಟುಹೋದಳು.

ನೌಕರಿಯ ಚಪ್ಪಲಿಯಲ್ಲಿ ಗುಡ್ಡ ಹತ್ತಬಾರದು ಎಂಬುದು ನಾನು ಮರುದಿನ ಕಲಿತ ಮೊದಲ ಪಾಠ. ಅರ್ಧ ದಾರಿಗೆ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಮಾಳಾಯಿ ಹಿಂದೆ ತಿರುಗಿ ನೋಡಿದಳು, ನಗಲಿಲ್ಲ. ತನ್ನ ಸೆರಗಿನಿಂದ ಒಂದು ಚಿಂದಿ ಹರಿದು ಕೊಟ್ಟಳು, ಕಟ್ಟಿಕೊಂಡೆ. ನನ್ನ ನಕಾಶೆಯಲ್ಲಿ ಟ್ರೆಂಚುಗಳು ಸಾಲಾಗಿ ನಿಂತಿದ್ದ ಕಡೆ ಕರೆದುಕೊಂಡು ಹೋಗಿ ಬಡಿಗೆಯಿಂದ ನೆಲ ಕೆದರಿದಳು.

"ಇಲ್ಲಿ ಒಂದ ಗೇಣ ಮಣ್ಣಿಲ್ಲ ನೋಡ್ರಿ. ಕೆಳಗ ಬರೇ ಗರಸು. ನಿಮ್ಮ ಗಿಡಾ ಬೇರ ಎಲ್ಲಿ ಇಳಸ್ತಾವ?"

ಆಮೇಲೆ ಉತ್ತರದ ಮಗ್ಗುಲಿಗೆ. ಅಲ್ಲೊಂದು ತಗ್ಗು, ಅದರಲ್ಲಿ ಮಣ್ಣು ತಂಪಾಗಿತ್ತು. "ಗಿಡಾ ಹಚ್ಚೂದಿದ್ರ ಇಲ್ಲಿ ಹಚ್ರಿ. ಹಳ್ಳದ ಬದೀಗಿ ಹಚ್ರಿ." ಇಳಿಜಾರಿನಲ್ಲಿ ಮುಳ್ಳಿನ ನಡುವೆ ಮೊಣಕಾಲೆತ್ತರದ ಕಲ್ಲಿನ ಸಾಲುಗಳು ಅಲ್ಲಲ್ಲಿ ಬಿದ್ದುಹೋಗಿದ್ದವು. "ಇವು ನಮ್ಮ ಮಾವ ಹಾಕಿದ್ದು. ದೊಡ್ಡ ಒಡ್ಡ ಹಾಕಿದ್ರ ಮಳಿ ಹೊಡಕೊಂಡ ಹೋಗ್ತದ. ಸಣ್ಣ ಸಣ್ಣ ಸಾಲ ಹಾಕಿದ್ರ ನೀರ ಕುಂತ ಕುಂತ ಇಳೀತದ." ಕುರಿಯ ಮಾತು ಬಂದಾಗ ಮಾತ್ರ ಅವಳ ದನಿ ಏರಿತು. "ಕುರಿ ಹುಲ್ಲ ಕೆಡಸಂಗಿಲ್ಲ ಭಾವುಸಾಹೇಬ್ರ. ಒಂದೇ ಕಡಿ ನಿಂತ ಕುರಿ ಕೆಡಸ್ತದ. ಗುಡ್ಡಾ ನಾಕ ಭಾಗ ಮಾಡ್ರಿ. ಮೂರರಾಗ ತಿರಗ್ಯಾಡಿ ಮೇಯ್ಸತೀವಿ, ಒಂದ ಮುಚ್ಚಿ ಇಡತೀವಿ. ಮುಂದಿನ ವರ್ಷ ಮತ್ತೊಂದು. ತಂತಿ ಬ್ಯಾಡ. ಏಳ ಮನ್ಯಾವರು ಪಾಳಿ ಹಚ್ಚಿ ಕಾಯ್ತೀವಿ."

ಆ ನಾಲ್ಕು ಭಾಗಗಳಿಗೂ ಆಗಲೇ ಹೆಸರಿದ್ದವು: ಹಳ್ಳದ ಬದಿ, ಬೀರೋಬನ ಕಟ್ಟಿ, ಗಣಿಕಲ್ಲ, ಹದ್ದಿನ ಕಲ್ಲ. ನನ್ನ ನಕಾಶೆಯಲ್ಲಿ ಅವಕ್ಕೆ ಬರೇ ಒಂದು ಗಟ್ ನಂಬರು, ಅಂದರೆ ಜಮೀನಿನ ಸರ್ವೆ ನಂಬರು, ಇತ್ತು.

ಇಳಿಯುವಾಗ ಅವಳು ಒಂದು ಸುದ್ದಿ ಹೇಳಿದಳು. ಚರಾಯಿಬಂದಿ ಎಂಬ ಮಾತು ಹಿಂದಿನ ದಿನ ಸಂಜೆಯೊಳಗೆ ಏಳೂ ಮನೆ ಮುಟ್ಟಿತ್ತು. ಒಂದು ಮನೆಯವರು ಹಿಂಡನ್ನೇ ಮಾರಲು ವ್ಯಾಪಾರಿಗೆ ಹೇಳಿ ಕಳಿಸಿದ್ದರು. ಕುರಿ ಹೋದರೆ ಆ ಜನ ಎಲ್ಲಿಗೆ ಹೋಗುತ್ತಾರೆಂದು ನನಗೆ ಗೊತ್ತಿತ್ತು. ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿಯ ಗೋದಾಮುಗಳಲ್ಲಿ ಚೀಲ ಹೊರಲು. ನನ್ನ ಕೆಂಪು ಶಾಯಿ ಇಷ್ಟು ದೂರ ಹರಿಯುತ್ತದೆಂದು ನಾನು ಎಣಿಸಿರಲಿಲ್ಲ.

ತಪ್ಪಾಗಿದೆ ಎಂದು ಮೇಲಿನ ಸಾಹೇಬರಿಗೆ ಹೇಳುವುದು, ಗುಡ್ಡ ಹತ್ತಿದ್ದಕ್ಕಿಂತ ಕಷ್ಟವಾಯಿತು. ಅವರು ಮರಾಠಿಯಲ್ಲಿ ಕೇಳಿದರು, ಯಾರು ಹಾಗನ್ನುವವರು? ಕುರಿ ಕಾಯುವ ಒಬ್ಬ ಹೆಂಗಸು ಎಂದೆ. ನಕ್ಕರು. ನಕ್ಕ ಮೇಲೆ, ಒಳ್ಳೆಯ ಮನುಷ್ಯ, ಆದೇಶದ ಪ್ರತಿ ತರಿಸಿದರು; ನಾವಿಬ್ಬರೂ ಮೊದಲ ಸಲ ಅದನ್ನು ಪೂರ್ತಿ ಓದಿದೆವು. 'ಗ್ರಾಮಸ್ಥರ ಸಹಭಾಗದಿಂದ ಸಂರಕ್ಷಣೆ' ಎಂದಿತ್ತು. ತಂತಿಯ ಮಾತು ಎಲ್ಲೂ ಇರಲಿಲ್ಲ. ಚರಾಯಿಬಂದಿಯ ಮಾತೂ ಇರಲಿಲ್ಲ. ಅದು ಪಕ್ಕದ ಊರಿನ ಯೋಜನೆಯಿಂದ ನಾನು ಎತ್ತಿದ್ದು. ಸರಕಾರದ ಧೋರಣೆಯಲ್ಲಿ ಮಾಳಾಯಿಗೂ ಅವಳ ಕುರಿಗೂ ಜಾಗವಿತ್ತು. ನನ್ನ ಯೋಜನೆಯಲ್ಲಿ ಇರಲಿಲ್ಲ.

"ಠರಾವು ಬದಲಿಸಬೇಕಾದರೆ ಗ್ರಾಮಸಭೆ ಮತ್ತೆ ಕರೆಯಿರಿ," ಎಂದರು ಸಾಹೇಬರು. "ಈ ಸಲ ಅವರಿಗೆ ತಿಳಿಯುವ ಹಾಗೆ ಓದಿ."

ಹದಿನೈದು ದಿನವಿತ್ತು. ಕನ್ನಡ ಅಕ್ಷರ ಕಲಿಯಲು ಶಾಂತಾಳ ಮುಂದೆ ಪಾಟಿ ಹಿಡಿದು ಕೂತೆ. ಪಾಟಿ ಎಂದದ್ದು ಅಲಂಕಾರಕ್ಕಲ್ಲ, ನಿಜವಾಗಿ ಪಾಟಿಯೇ. ಅವಳು ಹೇಳಿದ್ದನ್ನು ಬರೆಯುವುದು, ಒರೆಸುವುದು. ನನ್ನ ಅ ನೋಡಿ, "ಇದು ಅ ಅಲ್ಲ, ಹೊಟ್ಟಿ ನೋಯೂ ಕೋಳಿ" ಎಂದಳು. ನಲವತ್ತು ದಾಟಿದ ಭಾವುಸಾಹೇಬನನ್ನು ನೋಡಿ ಹಾಗೆ ನಕ್ಕವರು ಬೇರೆ ಯಾರೂ ಇಲ್ಲ. ಒಂದು ಮಾತಿಗೆ ಮಾತ್ರ ಅವಳೂ ನಿಂತಳು.

"ಶಾಶ್ವತ ವಿಕಾಸಕ್ಕ ಕನ್ನಡದಾಗ ಏನಂತಾರ?"

"ಪುಸ್ತಕದಾಗ ಏನಂತಾರೋ ಯಾರಿಗ್ಗೊತ್ತು. ನಮ್ಮೂರಾಗ ಅದಕ್ಕ ಹೆಸರಿಲ್ಲ. ಉಣ್ಣೂ ಮುಂಚೆ ಬೀಜಕ್ಕ ಕಾಳ ತಗದಿಡೂದು ಅಂತೀವಿ."

ಹಾಗೆಯೇ ಬರೆದೆ: ಬೀಜಕ್ಕೆ ಕಾಳು ತೆಗೆದಿಡುವುದು.

ಎರಡನೆಯ ಗ್ರಾಮಸಭೆಗೆ ಊರೇ ಬಂದಿತ್ತು. ಕುರಿಯವರು ಒಂದು ಕಡೆ, ಹೊಲದವರು ಇನ್ನೊಂದು ಕಡೆ, ನಡುವೆ ನಾನು ಮತ್ತು ನನ್ನ ಹೊಸ ಅಕ್ಷರ. ಬೆವರುತ್ತ, ಬೆರಳಿಟ್ಟು ಓದಿದೆ. ಮುಖ್ಯವಾದ ಸಾಲು ಬಂತು. 'ಮುಚ್ಚಿದ ಭಾಗದಲ್ಲಿ ಕುರಿ ಮೇಯಬಾರದು' ಎಂದು ಓದಬೇಕಾದಲ್ಲಿ ನನ್ನದೇ ಅಕ್ಷರ ನನಗೆ ಕೈಕೊಟ್ಟು, "ಮುಚ್ಚಿದ ಭಾಗದಲ್ಲಿ ಕುರ್ಚಿ ಮೇಯಬಾರದು" ಎಂದುಬಿಟ್ಟೆ.

ಪಾಟೀಲರು ಮೀಸೆಯ ಮೇಲೆ ಕೈಯಿಟ್ಟು, "ಭಾವುಸಾಹೇಬ್ರ, ಕುರ್ಚಿ ಮೇಯೂ ಜಾಗಾ ಬ್ಯಾರೆ ಅದಾವ್ರಿ" ಎಂದರು. ಚಾವಡಿ ಹಾರಿಹೋಗುವಂತೆ ಜನ ನಕ್ಕರು. ಕುರಿಯವರೂ ಹೊಲದವರೂ ಒಟ್ಟಿಗೆ ನಕ್ಕದ್ದನ್ನು ಆ ಊರಲ್ಲಿ ನಾನು ನೋಡಿದ್ದು ಅದೇ ಮೊದಲು.

ನಕ್ಕು ಮುಗಿದ ಮೇಲೆ ಪಾಟೀಲರು ಗಟ್ಟಿಯಾದರು. ಗುಡ್ಡದ ಬುಡದಲ್ಲೇ ಅವರ ತೊಗರಿ ಹೊಲ. ವರ್ಷಕ್ಕೊಮ್ಮೆಯಾದರೂ ಕುರಿ ನುಗ್ಗುತ್ತಿದ್ದವು. ಅವರಿಗೆ ಬೇಲಿಯೇ ಬೇಕಿತ್ತು, ಅದರಲ್ಲಿ ಅನ್ಯಾಯವೇನೂ ಇರಲಿಲ್ಲ.

"ಮಾಳಾಯಿ, ನಿಂದು ಖರೇ ಅದ ಅನ್ನು. ನನ್ನ ತೊಗರಿ ಯಾರ ಕಾಯ್ತಾರ?"

"ನಾ ಕಾಯ್ತೀನಿ ಪಾಟೀಲ್ರ. ಯಾರ ಕುರಿ ನಿಮ್ಮ ತೊಗರ್ಯಾಗ ಹೋಗ್ತಾವ, ಇಲ್ಲಾ ಮುಚ್ಚಿದ ಭಾಗದಾಗ ಹೋಗ್ತಾವ, ಅವರ ಕುರಿ ಆ ಮಳಿಗಾಲ ಗುಡ್ಡಾ ಹತ್ತಂಗಿಲ್ಲ. ಬೀರೋಬನ ಭಂಡಾರ ಮುಟ್ಟಿ ಹೇಳ್ತೀನಿ. ಮತ್ತ ನಿಮ್ಮ ಬಾವಿ ದೀಪಾವಳಿ ದಾಟಿದ್ರ ತಳಾ ಕಾಣ್ತದಲ್ಲ, ಗುಡ್ಡದ ಮ್ಯಾಲ ನೀರ ಕುಂತ್ರ ಅದು ಎಲ್ಲಿಗಿ ಬರ್ತದ, ನೀವೇ ಹೇಳ್ರಿ."

"ಒಂದ ಮಳಿಗಾಲ. ನೋಡೂನು," ಎಂದರು ಪಾಟೀಲರು.

ಠರಾವು ಬದಲಾಯಿತು. ವ್ಯಾಪಾರಿಗೆ ಹೇಳಿ ಕಳಿಸಿದ್ದವರು ಬೇಡವೆಂದು ಮತ್ತೆ ಹೇಳಿ ಕಳಿಸಿದರು. ಬಿಸಿಲು ಏರುವ ಮುನ್ನ ಏಳು ಮನೆಯವರು ಕಲ್ಲಿನ ಸಾಲು ಕಟ್ಟಿದರು. ಕೆಲಸಕ್ಕೆ ಹೊಲದವರ ಮನೆಯ ಹೆಂಗಸರೂ ಬಂದರು. ಟ್ರೆಂಚುಗಳು ತಗ್ಗಿನಲ್ಲಷ್ಟೇ ಬಂದವು, ಅವೂ ಗುಡ್ಡದ ಹಾಗೆ ಸೊಟ್ಟ.

ಈಗ ನೀವು ಗುಡ್ಡ ಹಸಿರಾಯಿತು ಎಂಬ ಸಾಲಿಗೆ ಕಾಯುತ್ತಿದ್ದೀರಿ. ನಾನೂ ಕಾಯುತ್ತಿದ್ದೆ. ಮೊದಲ ಮಳೆಗಾಲದಲ್ಲಿ ಅಂಥದ್ದೇನೂ ಆಗಲಿಲ್ಲ. ಆದದ್ದು ಬೇರೆ.

ಮಾಳಾಯಿಗೆ ಬೀರಪ್ಪ ಎಂಬ ಮಗ, ಮದುವೆಯಾಗಿ ಎರಡು ಮಕ್ಕಳ ತಂದೆ. ಶ್ರಾವಣದಲ್ಲಿ ಒಂದು ಜಿಟಿಜಿಟಿ ಮಧ್ಯಾಹ್ನ, ಮುಚ್ಚಿದ ಗಣಿಕಲ್ಲಿನ ಭಾಗದಲ್ಲಿ ಹುಲ್ಲು ಎಳೆಯದಾಗಿ ಎದ್ದದ್ದು ಕಂಡು, ಯಾರು ನೋಡುತ್ತಾರೆಂದು ಹಿಂಡು ಬಿಟ್ಟುಕೊಂಡ. ಯಾರೂ ನೋಡಲಿಲ್ಲ, ತಾಯಿಯ ಹೊರತು. ಮರುದಿನ ಅವಳು ಪಂಚಾಯತಿಗೆ ಬಂದಳು. ಪಾಟೀಲರು ಕೂತಿದ್ದರು.

"ನಮ್ಮ ಕುರಿ ಮುಚ್ಚಿದ ಭಾಗದಾಗ ಹೋಗಿದ್ವು. ಬರಕೋರಿ ಭಾವುಸಾಹೇಬ್ರ."

ನಾನು ಪೆನ್ನು ತೆಗೆಯಲಿಲ್ಲ. "ಯಾರೂ ಕಂಡಿಲ್ಲಲ್ಲ ಆಯಿ. ಒಂದ ಸಲಕ್ಕ..."

"ನಾ ಕಂಡೀನಿ. ಬರಕೋರಿ."

ಬರೆದುಕೊಂಡೆ. ಆ ಮಳೆಗಾಲವೆಲ್ಲ ಅವಳ ಹಿಂಡು ಗುಡ್ಡ ಹತ್ತಲಿಲ್ಲ. ಉಳಿದ ಆರು ಮನೆಯ ಕುರಿ ಮೇಲೆ ಮೇಯುತ್ತಿದ್ದಾಗ, ಯೋಜನೆ ಹೇಳಿಕೊಟ್ಟವಳ ಕುರಿ ಡಾಂಬರು ರಸ್ತೆಯ ಅಂಚಿನಲ್ಲಿ ಲಾರಿಗಳ ನಡುವೆ ಹುಲ್ಲು ಹುಡುಕುತ್ತಿದ್ದವು. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದೇನೆ. ತಾಯಿ ಮುಂದೆ, ಮಗ ಹಿಂದೆ. ಎರಡು ಮರಿ ಲಾರಿಗೆ ಸಿಕ್ಕು ರಸ್ತೆಯಲ್ಲೇ ಹೋದವು.

ಒಂದು ದಿನ ಪಾಟೀಲರು ಆ ರಸ್ತೆಯಲ್ಲಿ ಮೋಟರಸೈಕಲ್ ನಿಲ್ಲಿಸಿದರು. ನಾನು ಹಿಂದೆ ಕೂತಿದ್ದೆ.

"ಮಾಳಾಯಿ, ನಮ್ಮ ಇನ್ನೊಂದ ಹೊಲದಾಗ ಉದ್ದು ಕಿತ್ತೀವಿ. ಹೊಲಾ ಖಾಲಿ ಅದ. ಕುರಿ ಹೊಡಕೊಂಡ ನಡಿ."

"ಗುಡ್ಡಾ ಅಲ್ಲಲ್ಲ?"

"ಗುಡ್ಡಾ ಅಲ್ಲ. ನನ್ನ ಹೊಲಾ. ಅದಕ್ಕ ನಿನ್ನ ಠರಾವು ಹತ್ತಂಗಿಲ್ಲ."

ಆಕೆಯ ಹಿಂಡು ಎಂಟು ದಿನ ಪಾಟೀಲರ ಹೊಲದಲ್ಲಿ ತರುಬಿತು. ಹಿಕ್ಕೆ ಬಿದ್ದ ಆ ಹೊಲದಲ್ಲಿ ಹಿಂಗಾರಿ ಜೋಳ ಹೇಗೆ ಬಂತೆಂದರೆ, ಮರುವರ್ಷ ಹೊಲದವರೇ ಕುರಿಯವರ ಮನೆಗೆ ಹೋಗಿ "ನಮ್ಮಲ್ಲಿ ಮೊದಲ ಬರ್ರಿ" ಎಂದು ಪಾಳಿ ಕೇಳತೊಡಗಿದರು. ಮುಚ್ಚಿದ ಭಾಗಕ್ಕೆ ಆಮೇಲೆ ಯಾರ ಕುರಿಯೂ ಹೋಗಲಿಲ್ಲ. ತಂತಿ ಬೇಲಿ ಹಾಕಿದ್ದರೆ ಅಷ್ಟು ಬಿಗಿಯಾಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಮೂರನೆಯ ವರ್ಷ ಸಂಕ್ರಾಂತಿಯಾದ ಮೇಲೆ ಪಾಟೀಲರು ನನ್ನನ್ನು ಕೈಹಿಡಿದು ಬಾವಿಗೆ ಕರೆದೊಯ್ದರು. "ಬಗ್ಗಿ ನೋಡ್ರಿ" ಎಂದರು. ಬಗ್ಗಿದೆ. ನನ್ನ ಮುಖ ಕಂಡಿತು, ಹತ್ತಿರದಲ್ಲೇ. ಅವರು ಒಂದು ಕಲ್ಲು ಎತ್ತಿ ಒಳಗೆ ಹಾಕಿ ಸದ್ದು ಕೇಳಿದರು, ಮತ್ತೊಂದು ಹಾಕಿದರು. ಅರವತ್ತು ಸಮೀಪಿಸಿದ ಸರಪಂಚರು ಬಾವಿಗೆ ಕಲ್ಲು ಹಾಕುತ್ತ ನಿಂತದ್ದು, ನಾನು ಪಕ್ಕದಲ್ಲಿ ಇನ್ನೊಂದು ಕಲ್ಲು ಹುಡುಕಿದ್ದು, ಯಾರಾದರೂ ಕಂಡಿದ್ದರೆ ಏನೆನ್ನುತ್ತಿದ್ದರೋ. ಮೇಲೆ ಗುಡ್ಡದ ಮೂರು ಮಗ್ಗುಲು ಬಂಗಾರದ ಬಣ್ಣಕ್ಕೆ ತಿರುಗಿದ್ದವು. ಏಳು ಮನೆಯ ಕುರಿ ಮೇಯ್ದು, ಊರ ದನಕ್ಕೂ ಸಾಕಾಗಿ, ಇನ್ನೂ ಉಳಿದ ಕರಡ ಟೆಂಪೊ ಹತ್ತುವುದು ಆ ವರ್ಷವೇ ಶುರುವಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಒಂದು ಮಾತು ಉಳಿದಿದೆ.

ಸೊಲ್ಲಾಪುರದಲ್ಲಿ ಒಂದು ಸಮಾರಂಭ ಮಾಡಿ ನನಗೆ ಶಾಲು ಹೊದಿಸಿದರು. ಆದರ್ಶ ಯೋಜನೆ ರೂಪಿಸಿದ ಗ್ರಾಮಸೇವಕ ಎಂದು ಪ್ರಮಾಣಪತ್ರ. ಎರಡು ಮಾತಾಡಿ ಎಂದರು. ನಿರರ್ಗಳ ಮರಾಠಿಯಲ್ಲಿ ಎಲ್ಲರ ಸಹಕಾರ, ವರಿಷ್ಠರ ಮಾರ್ಗದರ್ಶನ ಎಂದೆಲ್ಲ ಹೇಳಿದೆ. ಕೊನೆಯ ಸಾಲಿನಲ್ಲಿ ಪಾಟೀಲರ ಪಕ್ಕ ಮಾಳಾಯಿ ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಅವಳ ಹೆಸರು ನನ್ನ ಬಾಯಿಗೆ ಬರಲಿಲ್ಲ. ಮರೆತಿರಲಿಲ್ಲ; ಮರೆತಿದ್ದರೆ ಎಷ್ಟು ಚೆನ್ನಾಗಿತ್ತು. ಶಾಲಿನ ಬಿಸುಪಿಗೆ ಒಂದು ಕ್ಷಣ, ಇದು ನನ್ನದೇ ಎನ್ನಿಸಿಬಿಟ್ಟಿತ್ತು. ಮರಳುವಾಗ ಜೀಪಿನಲ್ಲಿ ಪಾಟೀಲರು ಕೇಳಿದರು, "ಆಯಿ ಹೆಸರ ಎಲ್ಲಿ ಹೋತ್ರಿ?" ವೇಳೆ ಕಡಿಮೆ ಇತ್ತು ಎಂದೆ. ಮಾಳಾಯಿ ಹೊರಗೆ ನೋಡುತ್ತ, ಎಲ್ಲಿ ಮಳೆಯಾಗಿದೆ ಎಲ್ಲಿ ಇಲ್ಲ ಎಂದು ಜೊತೆಗೆ ಬಂದಿದ್ದ ಮಗನಿಗೆ ತೋರಿಸುತ್ತಿದ್ದಳು.

ಆಮೇಲೆ ನನಗೆ ಬೇರೆ ಊರಿಗೆ ಬದಲಿಯಾಯಿತು, ನಿವೃತ್ತಿಯಾಯಿತು. ಅದು ಮಾತ್ರ ಹಲ್ಲಿನ ಸಂದಿಯ ಎಳೆಯ ಹಾಗೆ ಉಳಿದಿತ್ತು.

ಟೆಂಪೊ ಕಂಡ ವಾರದಲ್ಲೇ ಆ ಊರಿನಿಂದ ಫೋನು ಬಂತು. ಈಗಿನ ಗ್ರಾಮಸೇವಕಿ, ತೀರ ಎಳೆ ದನಿ. ಹೊಸದಾಗಿ ನೌಕರಿಗೆ ಸೇರಿದವರ ಒಂದು ತಂಡ ಗುಡ್ಡ ನೋಡಲು ಬರುತ್ತದೆ, ಮೂಲ ಯೋಜನೆ ಬರೆದವರು ನೀವೇ ಅಂತಲ್ಲ, ಬಂದು ಮಾತಾಡಬೇಕು ಎಂದಳು. ಶಾಂತಾ ಈ ಸಲ ಗಟ್ಟಿ ಚಪ್ಪಲಿ ಹಾಕಿಸಿಯೇ ಕಳಿಸಿದಳು.

ಬೀರೋಬನ ಕಟ್ಟೆಯ ಹತ್ತಿರ ಮೂವತ್ತು ಹುಡುಗ ಹುಡುಗಿಯರು ಕಲ್ಲಿನ ಸಾಲಿನ ಮೇಲೆ ಕೂತಿದ್ದರು. ಪಾಟೀಲರು ಕೋಲೂರಿ ಬಂದಿದ್ದರು, ಮೀಸೆ ಪೂರ್ತಿ ಬಿಳಿ. ಮಾಳಾಯಿಯನ್ನು ಬೀರಪ್ಪ ಕೈಹಿಡಿದು ಹತ್ತಿಸಿಕೊಂಡು ಬಂದ. ಬೆನ್ನು ಬಾಗಿದೆ, ಕಣ್ಣು ಬಾಗಿಲ್ಲ. ನನ್ನ ಕೈಗೆ ಮೈಕು ಕೊಟ್ಟರು. ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದೆ: "ಮೂಲ ಯೋಜನಾ ನಾ ಬರದಿದ್ದೆ, ಖರೇ. ಆ ಕಿಟಕಿ ಮುಂದ ಕುಂತು. ಅದು ಜಾರಿ ಆಗಿದ್ರ ಇಲ್ಲಿ ಇವತ್ತ ಏನೂ ಇರತಿರಲಿಲ್ಲ, ಒಂದಿಷ್ಟ ಜಂಗ ಹಿಡದ ತಂತಿ ಬಿಟ್ರ. ನೀವು ಕುಂತಿದ್ದು ಮಾಳವ್ವನ ಯೋಜನಾದ ಮ್ಯಾಲ. ಶಾಲು ನಾ ಹೊತಗೊಂಡಿದ್ದೆ. ಹೆಸರ ಹೇಳಿರಲಿಲ್ಲ. ಈಗ ಹೇಳಾಕತ್ತೀನಿ."

ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಾಳಿಗೆ ಹುಲ್ಲೆಲ್ಲ ಒಂದೇ ಕಡೆ ವಾಲಿತ್ತು. ಪಾಟೀಲರು ಕೋಲನ್ನು ಕಲ್ಲಿಗೆ ಬಡಿದು, "ವೇಳೆ ಸಿಕ್ತು ನೋಡ್ರಿ ಭಾವುಸಾಹೇಬ್ರಿಗಿ" ಎಂದರು. ನಾನು ಬೇಗ ಬೇಗ ವಿವರಕ್ಕಿಳಿದೆ. ನಾಲ್ಕು ಭಾಗದಲ್ಲಿ ಮೂರು ಮೇಯಿಸುವುದು, ಒಂದು ಮುಚ್ಚುವುದು ಎಂದು ಹೇಳುವಷ್ಟರಲ್ಲಿ ಮಾಳಾಯಿಯ ಬಡಿಗೆ ಮೇಲೆದ್ದಿತು.

"ತಪ್ಪ ಹೇಳಬ್ಯಾಡ್ರಿ. ಈ ವರ್ಷ ನಡುವ ಮಳಿ ಕೈಕೊಟ್ಟದ. ಮೂರಲ್ಲ, ಎರಡೇ ಮೇಯ್ಸೀವಿ. ಎರಡ ಮುಚ್ಚೀವಿ. ಯಾಕಂತ ಕೇಳ್ರಿ, ಇಲ್ಲಿ ಬರ್ರಿ, ತೋರಸ್ತೀನಿ."

ಅವಳು ಹದ್ದಿನ ಕಲ್ಲಿನ ಕಡೆ ನಡೆದಳು. ಮೂವತ್ತು ಜನ ಬರೆಯುವ ವಹಿ ಬಿಚ್ಚಿಕೊಂಡು ಅವಳ ಹಿಂದೆ ಹೊರಟರು. ಕನ್ನಡ ಬಾರದ ಗ್ರಾಮಸೇವಕಿ ಪಕ್ಕದ ಹುಡುಗಿಯನ್ನು "ಏನಂದ್ರು, ಏನಂದ್ರು" ಎಂದು ಮರಾಠಿಯಲ್ಲಿ ಕೇಳುತ್ತ ಓಡಿದಳು. ನಾನು ಮೈಕು ಪಾಟೀಲರ ಕೈಗೆ ಕೊಟ್ಟು, ಒಬ್ಬ ಹುಡುಗನಿಂದ ಕಾಗದ ಇಸಕೊಂಡು, ಮಾಳಾಯಿ ಹೇಳುವುದನ್ನು ಬರೆದುಕೊಳ್ಳಲು ಗುಂಪಿನ ಹಿಂದೆ ಹತ್ತತೊಡಗಿದೆ.